ಆಸ್ಪತ್ರೆಗೆ ಬಾರದವರು

ಯಾರಿಗೆ ಮೊದಲು ಚಿಕಿತ್ಸೆ ಕೊಡಬೇಕು ಎನ್ನುವ ತೀರ್ಮಾನವನ್ನು ಮನುಷ್ಯರ ಕೈಗೆ ಬಿಡಬಾರದು ಎಂದು ಲೆಫ್ಟಿನೆಂಟ್ ಕರ್ನಲ್ ವಿಮಲಾಕ್ಷಿ ಹಂಚಿನಾಳ ನಂಬಿದ್ದಕ್ಕೆ ಕಾರಣವಿತ್ತು.

ಹನ್ನೊಂದು ವರ್ಷಗಳ ಹಿಂದೆ ಅವಳು ಹಿಮಗಡಿಯ ಒಂದು ಫೀಲ್ಡ್ ಆಸ್ಪತ್ರೆಯಲ್ಲಿ ಕ್ಯಾಪ್ಟನ್ ದರ್ಜೆಯ ವೈದ್ಯೆಯಾಗಿದ್ದಳು. ಒಂದು ಬೆಳಿಗ್ಗೆ ಹೆಲಿಕಾಪ್ಟರ್ ಬಂತು. ಅದರಲ್ಲಿ ಇದ್ದದ್ದು ಒಬ್ಬ ರೋಗಿಗೆ ಆಗುವಷ್ಟು ಜಾಗ. ಶ್ವಾಸಕೋಶದಲ್ಲಿ ನೀರು ತುಂಬಿ ತುಟಿ ನೀಲಿಗಟ್ಟಿದ್ದ, ನಾಯಕ್ ಹುದ್ದೆಯ ಹುಡುಗನೊಬ್ಬ ಸ್ಟ್ರೆಚರ್ ಮೇಲೆ ಮಲಗಿದ್ದ. ಪಾದ ಉಳುಕಿದ್ದ ಹಿರಿಯ ಅಧಿಕಾರಿಯೊಬ್ಬರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೆಳಗಿನ ನೆಲೆಯಿಂದ ಒಂದು ಫೋನ್ ಬಂತು, ಅಧಿಕಾರಿ ಹೋದರು. ಆ ಹುಡುಗನ ಮುಖಕ್ಕೆ ಆಮ್ಲಜನಕದ ಮುಖವಾಡ ಹಿಡಿದು ನಾಲ್ಕು ಗಂಟೆ ಕೂತವನು ನರ್ಸಿಂಗ್ ಹವಾಲ್ದಾರ್ ಬಾಳಪ್ಪ ಕಮತಗಿ. ಹುಡುಗ ಸತ್ತ ಮೇಲೂ ಅವನು ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಆ ದಿನದಿಂದ ವಿಮಲಾಕ್ಷಿ ಮತ್ತು ಬಾಳಪ್ಪನ ನಡುವೆ ಹುದ್ದೆಗೆ ಮೀರಿದ ಒಂದು ನಂಟು ಬೆಳೆಯಿತು.

ಆದ್ದರಿಂದಲೇ, ಕೆಂಚನಗುಡ್ಡದ ದಂಡಿನ ಆಸ್ಪತ್ರೆಯಲ್ಲಿ 'ಪಾಲಕ' ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಮೊದಲು ಜಾರಿಗೆ ತರುತ್ತಾರೆ ಎಂದಾಗ, ಅದರ ಹೊಣೆಯನ್ನು ವಿಮಲಾಕ್ಷಿ ಕೇಳಿ ಪಡೆದಳು. ಗಡಿಯಲ್ಲಿ ಎರಡು ವರ್ಷ ನಡೆದ ಕದನ ದಂಡಿನ ವೈದ್ಯರನ್ನೆಲ್ಲ ಎಳೆದುಕೊಂಡು ಹೋಗಿತ್ತು. ಇಪ್ಪತ್ತೆರಡು ಜನ ಇದ್ದಲ್ಲಿ ಒಂಬತ್ತು ಜನ ಉಳಿದಿದ್ದರು. ನೋಡಬೇಕಾದವರು ಮಾತ್ರ ಕಡಿಮೆಯಾಗಿರಲಿಲ್ಲ. ಸೈನಿಕರು, ನಿವೃತ್ತರು, ಅವರ ಮನೆಯವರು ಎಲ್ಲ ಸೇರಿ ನಲವತ್ತು ಸಾವಿರ. ಇದ್ದಷ್ಟನ್ನು ನಿಭಾಯಿಸಲು ಒಂದು ಕ್ರಮ ಬೇಕಿತ್ತು.

ಕ್ರಮ ಸರಳವಾಗಿತ್ತು. ಪ್ರತಿಯೊಬ್ಬರಿಗೂ ಒಂದು ತೋಳುಪಟ್ಟಿ. ಅದು ಚರ್ಮದ ಮೇಲಿಂದಲೇ ನಾಡಿ, ಬೆವರಿನ ಉಪ್ಪು, ರಕ್ತದ ಸಕ್ಕರೆ, ಆಮ್ಲಜನಕ ಎಲ್ಲವನ್ನೂ ಓದಿ ಪಾಲಕಕ್ಕೆ ಕಳಿಸುತ್ತದೆ. ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ತ್ರಾಸವಾದರೆ ಮೊದಲು ಬಡಾವಣೆಯ ಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿ ಕಿಟಕಿಯಲ್ಲಿ ಕೂತ ಸಿಪಾಯಿ ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಮಾತ್ರೆ ಸಾಕೇ, ತಜ್ಞರು ನೋಡಬೇಕೇ, ನೋಡುವುದಾದರೆ ಎಷ್ಟು ದಿನಕ್ಕೆ ಎಂಬುದನ್ನು ಪಾಲಕ ತೀರ್ಮಾನಿಸಿ 'ದಾರಿಚೀಟಿ' ಕೊಡುತ್ತದೆ. ಚೀಟಿ ಇಲ್ಲದೆ ಯಾವ ತಜ್ಞರೂ ನೋಡುವಂತಿಲ್ಲ, ರೋಗಿ ಸಿಪಾಯಿಯಾಗಿರಲಿ, ಜನರಲ್ ಆಗಿರಲಿ. ಪಾಲಕದ ಮಾತನ್ನು ಮೀರಲು ಪ್ರತಿ ವೈದ್ಯರಿಗೂ ತಿಂಗಳಿಗೆ ಎರಡು ಅವಕಾಶವಿತ್ತು. ಅದಕ್ಕೆ ಆಸ್ಪತ್ರೆಯಲ್ಲಿ 'ಮೀರುಸಹಿ' ಎಂಬ ಹೆಸರು ಬಿದ್ದಿತ್ತು.

ಅಷ್ಟು ಹೊತ್ತಿಗೆ ಸುಬೇದಾರ್ ಆಗಿ ನಿವೃತ್ತನಾಗಿದ್ದ ಬಾಳಪ್ಪ, ಮೊದಲ ದಿನವೇ ಪಟ್ಟಿ ಕಟ್ಟಿಸಿಕೊಳ್ಳಲು ಹೆಂಡತಿಯ ಜೊತೆ ಬಂದಿದ್ದ.

"ಮೇಡಂ, ಇದಕ್ಕ ಹೆಗಲ ಮ್ಯಾಲಿನ ನಕ್ಷತ್ರ ಕಾಣಂಗಿಲ್ಲ ಹೌದಲ್ಲರೀ?" ಎಂದು ಕೇಳಿದ.

"ಕಾಣಂಗಿಲ್ಲ, ಸಾಹೇಬ್ರ."

"ಅಷ್ಟಾದ್ರ ಸಾಕು ಬಿಡ್ರಿ," ಎಂದು ತೋಳು ಚಾಚಿದ.

ಎಂಟು ತಿಂಗಳಲ್ಲಿ ಪಾಲಕ ತನ್ನನ್ನು ತಾನು ಸಾಬೀತು ಮಾಡಿತು. ಬಿಸಿಲಲ್ಲಿ ಓಡುತ್ತಿದ್ದ, ಸೇನೆಗೆ ಹೊಸದಾಗಿ ಸೇರಿದ ರಂಗರೂಟನ ಪಟ್ಟಿ ಅವನು ಬೀಳುವ ಇಪ್ಪತ್ತು ನಿಮಿಷ ಮೊದಲೇ ಕೆಂಪಾಯಿತು. ಅಡುಗೆಮನೆಯ ಹವಾಲ್ದಾರನೊಬ್ಬನ ಮೂತ್ರಪಿಂಡದ ಕಾಯಿಲೆ ಅವನಿಗೇ ಗೊತ್ತಾಗುವ ಮುಂಚೆ ಗೊತ್ತಾಯಿತು. ದಂಡಿನ ಒಟ್ಟು ಸಾವು ಐದರಲ್ಲಿ ಒಂದು ಪಾಲು ಇಳಿಯಿತು. ಕಂಟ್ರೋಲ್ ರೂಮಿನ ಗೋಡೆಯಷ್ಟು ಅಗಲದ ಪರದೆಯ ಮೇಲೆ ನಲವತ್ತು ಸಾವಿರ ಚುಕ್ಕಿಗಳು. ಅದನ್ನು ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ತನ್ವೀರ್ ಅತ್ತಾರ, "ಹೊಲ ನೋಡಿದಂಗ ಆಗ್ತದ ಮೇಡಂ, ಎಲ್ಲಾ ಹಸಿರು," ಎನ್ನುತ್ತಿದ್ದ. ವಿಜಯಪುರದ ಹುಡುಗ, ಯಂತ್ರದ ವಿಷಯ ಮಾತಾಡುವಾಗ ಮುಖ ಅರಳುತ್ತಿತ್ತು.

ಆ ಹಸಿರು ಚುಕ್ಕಿಗಳಲ್ಲಿ ಒಂದು ಬಾಳಪ್ಪನ ಹೆಂಡತಿ ನೀಲವ್ವ ಕಮತಗಿಯದು.

ನೀಲವ್ವನಿಗೆ ಐವತ್ತಾರು. ಗಂಡ ಇಪ್ಪತ್ತೆಂಟು ವರ್ಷ ಊರೂರು ತಿರುಗುವಾಗ ಅವಳು ಅತ್ತೆ-ಮಾವನ ಜೊತೆ ಹಳ್ಳಿಯಲ್ಲಿದ್ದವಳು. ಜ್ವರ ಬಂದರೆ ಹೊದ್ದು ಮಲಗಿ, ಮರುದಿನ ಎದ್ದು ಸಗಣಿ ಬಾಚಿದವಳು. ಗಂಡ ನಿವೃತ್ತನಾದ ಮೇಲೆ ಇಬ್ಬರೂ ದಂಡಿನ ಮಗ್ಗುಲಿನ ನಿವೃತ್ತರ ಬಡಾವಣೆಗೆ ಬಂದರು. ಆ ಬೇಸಿಗೆಯಲ್ಲಿ ರೊಟ್ಟಿ ಬಡಿಯುವಾಗ ಅವಳಿಗೆ ದವಡೆ ಹಿಡಿದುಕೊಳ್ಳತೊಡಗಿತು.

"ರೀ, ಎರಡು ರೊಟ್ಟಿ ಬಡೀದ್ರಾಗ ಕೈ ಸೋತು ಹೋಗ್ತಾವು. ಬೆನ್ನಾಗ ಏನೋ ಒತ್ತಿ ಹಿಡದಂಗ ಆಕ್ಕೈತಿ. ಮೈಯೆಲ್ಲಾ ತಣ್ಣನ ಬೆವರು."

ಬಾಳಪ್ಪ ಎದ್ದು ಬಂದು ಅವಳ ಸೆರಗು ಸರಿಸಿ ತೋಳು ನೋಡಿದ. "ಹಸರ ಐತಿ ನೋಡು. ಪಿತ್ತ ಆಗಿರಬೇಕು. ಕ್ಲಿನಿಕ್ಕಿಗೆ ಹೋಗಿ ಬರೂಣ."

ಕ್ಲಿನಿಕ್ಕಿನಲ್ಲಿ ಪಿತ್ತದ ಮಾತ್ರೆ ಬಂತು. ಹದಿನೈದು ದಿನಕ್ಕೆ ಮತ್ತೆ ಹೋದರು, ನೋವಿನ ಮುಲಾಮು ಬಂತು. ಮೂರನೆಯ ಸಲ ಅವಳೇ ಹೋಗಲು ಒಪ್ಪಲಿಲ್ಲ. "ಏನಂತ ಹೇಳ್ಲಿ? ಅದು ಹಸರ ತೋರಸ್ತೈತಿ, ನಾ ಸುಳ್ಳ ಹೇಳಿದಂಗ ಆಕ್ಕೈತಿ," ಎಂದಳು. ಆಗ ಬಾಳಪ್ಪ ಅವಳನ್ನು ನೇರ ವಿಮಲಾಕ್ಷಿಯ ಕೋಣೆಗೆ ಕರೆತಂದ.

ವಿಮಲಾಕ್ಷಿ ಎದೆಗೆ ಸ್ಟೆತ್ ಇಟ್ಟು ಕೇಳಿದಳು, ಇಸಿಜಿ ತೆಗೆಸಿದಳು. ಸುಮ್ಮನೆ ಮಲಗಿದಾಗ ತೆಗೆದ ಇಸಿಜಿ ಚೆನ್ನಾಗಿಯೇ ಇತ್ತು. ಆದರೂ ಹೆಂಗಸರಲ್ಲಿ ಹೃದಯದ ನೋವು ಎಷ್ಟೋ ಸಲ ಎದೆ ಬಿಟ್ಟು ದವಡೆಗೆ, ಬೆನ್ನಿಗೆ ಹೋಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ನಗರದ ದೊಡ್ಡ ಸೇನಾ ಆಸ್ಪತ್ರೆಯ ಹೃದಯ ತಜ್ಞರಿಗೆ ದಾರಿಚೀಟಿ ಕೇಳಿದಳು. ಪಾಲಕ ಎರಡು ಸೆಕೆಂಡಿನಲ್ಲಿ ಉತ್ತರ ಕೊಟ್ಟಿತು: ಹತ್ತೊಂಬತ್ತು ದಿನ.

"ನನ್ನ ಹತ್ರ ಇನ್ನೊಂದು ಮೀರುಸಹಿ ಐತಿ, ಸಾಹೇಬ್ರ. ಹಾಕಿದ್ರ ನಾಳೆನೇ ಹೋಗಬಹುದು," ಎಂದಳು ವಿಮಲಾಕ್ಷಿ. ಹೇಳಿದಳೇ ಹೊರತು ಕೈ ಪೆನ್ನಿನ ಕಡೆ ಹೋಗಲಿಲ್ಲ. ತಿಂಗಳು ಶುರುವಾಗಿ ಒಂಬತ್ತೇ ದಿನವಾಗಿತ್ತು. ಮೊದಲನೆಯದು ಆಗಲೇ ಖರ್ಚಾಗಿತ್ತು. ಮುಂದೆ ಯಾರು ಬರುತ್ತಾರೋ ಏನೋ.

ಬಾಳಪ್ಪನಿಗೆ ಅವಳ ತಡವರಿಕೆ ಅರ್ಥವಾಯಿತು. "ಬ್ಯಾಡ್ರಿ ಮೇಡಂ. ಅದು ಡ್ಯೂಟಿ ಮ್ಯಾಲಿರೋ ಹುಡುಗೂರಿಗೆ ಇರ್ಲಿ. ಹತ್ತೊಂಬತ್ತ ದಿನ ಅಂದ್ರ ಏನ್ ಮಹಾ."

ವಿಮಲಾಕ್ಷಿ ನೀಲವ್ವನ ಕಡೆ ತಿರುಗಿದಳು. "ಅಕ್ಕಾರ, ನೀವೇನಂತೀರಿ?"

ತನ್ನನ್ನು ಯಾರಾದರೂ ಕೇಳಬಹುದು ಎಂದು ನೀಲವ್ವ ಎಣಿಸಿರಲಿಲ್ಲ. ಗಂಡನ ಮುಖ ನೋಡಿದಳು. "ನಾ ತಡಕೋತೀನ್ರಿ, ಬಾಯಾರ. ತಡಕೊಂಡು ರೂಢಿ ಐತಿ."

ವಿಮಲಾಕ್ಷಿ ರಕ್ತ ತೆಳುವಾಗುವ ಮಾತ್ರೆ, ನಾಲಿಗೆ ಕೆಳಗೆ ಇಡುವ ಮಾತ್ರೆ ಬರೆದುಕೊಟ್ಟು, ಕೆಲಸ ಕಡಿಮೆ ಮಾಡಿರಿ ಎಂದು ಹೇಳಿ ಕಳಿಸಿದಳು.

ಅಲ್ಲಿಂದ ಹನ್ನೆರಡನೆಯ ದಿನ, ಬೆಳಿಗ್ಗೆ ಹತ್ತೂವರೆಗೆ, ಒಣಗಿದ ಬಟ್ಟೆ ಮಡಚುತ್ತ ಕೂತ ನೀಲವ್ವ ಪಕ್ಕಕ್ಕೆ ವಾಲಿದಳು. ತೋಳುಪಟ್ಟಿ ಅದೇ ಗಳಿಗೆಯಲ್ಲಿ ಹಸಿರಿನಿಂದ ನೇರ ಕೆಂಪಿಗೆ ಹೋಯಿತು. ಪಾಲಕ ಆರು ನಿಮಿಷದಲ್ಲಿ ಆಂಬುಲೆನ್ಸ್ ಕಳಿಸಿತು. ಅಷ್ಟು ಬೇಗ ಬಂದದ್ದು ಆ ಬಡಾವಣೆಯಲ್ಲಿ ದಾಖಲೆ. ಬಂದವರು ಬಾಗಿಲಲ್ಲಿ ಕಂಡದ್ದು, ಮೊಣಕಾಲೂರಿ ಹೆಂಡತಿಯ ಎದೆ ಒತ್ತುತ್ತಿದ್ದ ಬಾಳಪ್ಪನನ್ನು. ಒತ್ತುವ ಲಯ ಒಂದಿಷ್ಟೂ ತಪ್ಪಿರಲಿಲ್ಲ. ಅವನು ಬಾಯಲ್ಲಿ ಎಣಿಸುತ್ತಿದ್ದ. ಆಂಬುಲೆನ್ಸಿನ ಹುಡುಗರು ಅವನನ್ನು ಎತ್ತಿ ಬದಿಗೆ ಕೂರಿಸಿದ ಮೇಲೂ ಎಣಿಸುತ್ತಲೇ ಇದ್ದ.

ನೀಲವ್ವ ತೀರಿಕೊಂಡ ಆ ತಿಂಗಳ ಕೊನೆಗೆ ವಿಮಲಾಕ್ಷಿಯ ಎರಡನೆಯ ಮೀರುಸಹಿ ಬಳಕೆಯಾಗದೆ ರದ್ದಾಯಿತು.

ಮರುದಿನ ಅವಳು ಕಂಟ್ರೋಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ತನ್ವೀರ್, ನೀಲವ್ವ ಕಮತಗಿಗೆ ಹತ್ತೊಂಬತ್ತು ದಿನ ಯಾಕ ಬಂತು ಅಂತ ಬಿಚ್ಚಿ ತೋರ್ಸು."

ತನ್ವೀರ್ ಕಡತ ತೆರೆದ. ಪಾಲಕಕ್ಕೆ ಹದಿನೆಂಟು ವರ್ಷಗಳ ಸೇನಾ ಆಸ್ಪತ್ರೆಗಳ ದಾಖಲೆ ಉಣಿಸಿ ಕಲಿಸಿದ್ದರು. ಯಾರಿಗೆ ಎಷ್ಟು ಚಿಕಿತ್ಸೆ ಬೇಕಾಗಬಹುದು ಎಂಬುದನ್ನು ಅದು ಹಿಂದೆ ಯಾರು ಎಷ್ಟು ಚಿಕಿತ್ಸೆ ಪಡೆದಿದ್ದಾರೆ ಎನ್ನುವುದರಿಂದ ಅಂದಾಜು ಮಾಡುತ್ತಿತ್ತು. ಪಟ್ಟಿಯ ಬಣ್ಣವನ್ನೂ ಅದರಿಂದಲೇ ತೂಗುತ್ತಿತ್ತು.

"ಈಕಿ ಅಷ್ಟೂ ವರ್ಷದಾಗ ಸೇನಾ ಆಸ್ಪತ್ರೆಗೆ ಬಂದದ್ದು ಒಂದ ಸಲ ಮೇಡಂ. ಕೊನೇ ಮಗಳ ಹೆರಿಗಿಗೆ," ಎಂದ ತನ್ವೀರ್. ದನಿ ಸಣ್ಣದಾಗಿತ್ತು. "ಆಸ್ಪತ್ರೆಗೆ ಬರಲಾರದವರಿಗೆ ಏನೂ ರೋಗ ಇಲ್ಲ ಅಂತ ಪಾಲಕ ಕಲ್ತದ."

"ಮತ್ತ ಕ್ಲಿನಿಕ್ಕಿಗೆ ಎರಡು ಸಲ ಬಂದಿದ್ಲಲ್ಲ?"

"ಒಂದೆರಡು ಸಲ ಬಂದ್ರ ಅದನ್ನ ಲೆಕ್ಕಕ್ಕ ಬಾರದ ಗದ್ದಲ ಅಂತ ತೆಗೆದು ಒಗೀತದ. ಹತ್ತು ಸಲ ಬಂದ್ರ ಹಿಡ್ಕೋತದ. ಇನ್ನ ಆ ಬೆವರು, ದವಡಿ ನೋವು... ದಾಖಲೆಯೊಳಗ ಇರೋ ಹೃದಯಾಘಾತ ಎಲ್ಲಾ ಗಂಡಸರದ. ಎದಿ ಹಿಡ್ಕೊಂಡು ಬಂದವರದ. ಹೆಂಗಸರ ಹೆಸರಿನ ಮುಂದ ಬರೀ ಹೆರಿಗಿ ಅವ."

"ಇಂಥವರು ಎಷ್ಟು ಮಂದಿ ಸತ್ತಾರ?"

ಅವನು ಹುಡುಕಿ ಹೇಳುವಷ್ಟರಲ್ಲಿ ಚಹಾ ಆರಿತ್ತು. ಎಂಟು ತಿಂಗಳಲ್ಲಿ ಮನೆಯಲ್ಲೇ ಸತ್ತ, ನಲವತ್ತೈದು ದಾಟಿದ ಹೆಂಗಸರು ಮೂವತ್ತೊಂದು. ಅವರಲ್ಲಿ ಹದಿನಾಲ್ಕು ಜನ ಕ್ಲಿನಿಕ್ಕಿಗೆ ಬಂದು ಮಾತ್ರೆ ತೆಗೆದುಕೊಂಡು ಹೋದವರು. ಅದೇ ಲಕ್ಷಣ ಹೇಳಿ ಹೋಗಿ, ಇನ್ನೂ ಬದುಕಿರುವವರು ಅರವತ್ತೇಳು. ಇವತ್ತಿಗೂ ಅವರೆಲ್ಲ ಪರದೆಯ ಮೇಲೆ ಹಸಿರು ಚುಕ್ಕಿಗಳು.

"ಪಾಲಕ ಬರೂಕಿಂತ ಮೊದಲು ಇಂಥವರು ಎಷ್ಟು ಸಾಯ್ತಿದ್ರು?" ಎಂದು ವಿಮಲಾಕ್ಷಿ ಕೇಳಿದಳು.

"ಗೊತ್ತಿಲ್ಲ ಮೇಡಂ. ಯಾರೂ ಬರೆದಿಟ್ಟಿಲ್ಲ."

ಅವಳಿಗೆ ಇನ್ನೊಂದು ನೆನಪಾಯಿತು. ಜಾರಿಗೆ ಮೊದಲು ಅವಳ ಮೇಜಿಗೆ ಬಂದ ಪರೀಕ್ಷಾ ವರದಿಯ ನಲವತ್ತೊಂದನೆಯ ಪುಟದಲ್ಲಿ, 'ಮಹಿಳಾ ಅವಲಂಬಿತರ ದಾಖಲೆಗಳು ಅಲ್ಪ. ಮುಂದಿನ ಹಂತದಲ್ಲಿ ಸರಿಪಡಿಸಬಹುದು' ಎಂದು ಒಂದು ಸಾಲಿತ್ತು. ಅವಳು ಅದನ್ನು ಓದಿದ್ದಳು. ಓದಿಯೇ ಸಹಿ ಮಾಡಿದ್ದಳು.

ಆಸ್ಪತ್ರೆಯ ಮುಖ್ಯಸ್ಥ ಬ್ರಿಗೇಡಿಯರ್ ಭುಲ್ಲರ್ ಕೆಟ್ಟ ಮನುಷ್ಯನಲ್ಲ. ಅವಳು ತಂದಿಟ್ಟ ಅಂಕಿಗಳನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಹಿಂದಿಯಲ್ಲಿ ನಿಧಾನವಾಗಿ ಮಾತಾಡಿದರು.

"ಇನ್ನು ಮೂರು ವಾರಕ್ಕೆ ಪಾಲಕವನ್ನು ಇಡೀ ಸೇನೆಗೆ ತರುವ ತೀರ್ಮಾನವಾಗುತ್ತದೆ. ಈ ಕಾಗದ ಈಗ ಮೇಲೆ ಹೋದರೆ ಅದನ್ನು ನಿಲ್ಲಿಸುತ್ತಾರೆ. ನಿಲ್ಲಿಸಲು ಕಾಯುತ್ತಿರುವವರು ಯಾರು ಅಂತ ನಿನಗೂ ಗೊತ್ತು. ಸರದಿಯಲ್ಲಿ ನಿಲ್ಲಬೇಕಾಯಿತಲ್ಲ ಎಂದು ಉರಿಯುತ್ತಿರುವ ದೊಡ್ಡವರು. ಮತ್ತೆ ಫೋನಿನ ಕಾಲ ಬರುತ್ತದೆ. ಅದು ಬೇಕೇ?"

"ಬೇಡ, ಸರ್. ಆದರೆ ಈ ಅರವತ್ತೇಳು ಜನ?"

"ಮುಂದಿನ ಹಂತದಲ್ಲಿ ನೋಡೋಣ."

"ಇವರನ್ನು ಮನುಷ್ಯರೇ ಹೋಗಿ ನೋಡಬೇಕು, ಸರ್. ನಾಲ್ಕು ಡಾಕ್ಟರು, ಎರಡು ವಾರ ಸಾಕು."

"ಒಂಬತ್ತರಲ್ಲಿ ನಾಲ್ಕು? ಎಲ್ಲಿಂದ ಕೊಡಲಿ, ವಿಮಲಾ?" ಎಂದರು ಬ್ರಿಗೇಡಿಯರ್. ಅವರು ನಿಜವಾಗಿಯೂ ಕೇಳುತ್ತಿದ್ದರು.

ಆ ಭಾನುವಾರ ವಿಮಲಾಕ್ಷಿ ಸಮವಸ್ತ್ರವಿಲ್ಲದೆ ಬಾಳಪ್ಪನ ಮನೆಗೆ ಹೋದಳು. ಮಗಳು ಬಾಗಿಲು ತೆಗೆದು, ಕುಡಿಯಲು ನೀರು ಕೊಟ್ಟು ಒಳಗೆ ಹೋದಳು. ವಿಮಲಾಕ್ಷಿ ಏನನ್ನೂ ಮುಚ್ಚಿಡಲಿಲ್ಲ. ಪಾಲಕ ಏನು ಕಲಿತಿತ್ತು, ನಲವತ್ತೊಂದನೆಯ ಪುಟದಲ್ಲಿ ಏನಿತ್ತು, ತಾನು ಎಲ್ಲಿ ಸಹಿ ಹಾಕಿದೆ, ಎಲ್ಲಿ ಹಾಕಲಿಲ್ಲ ಎಲ್ಲವನ್ನೂ ಹೇಳಿದಳು. ಬಾಳಪ್ಪ ಗೋಡೆಗೆ ಒರಗಿ ಕೇಳಿದ.

"ಬೈದುಬಿಡ್ರಿ ಸಾಹೇಬ್ರ," ಎಂದಳು ಕೊನೆಗೆ.

"ಯಾರ್ನ ಬೈಲಿ?" ಎಂದ ಅವನು. "ಎಷ್ಟ ಸಲ ಹೇಳಿದ್ಲು ನನಗ. ಇಪ್ಪತ್ತೆಂಟ ವರ್ಷ ನಾಡಿ ಹಿಡದ ಕೈ ಇದು. ಒಂದ ಸಲಾನೂ ಆಕಿ ಕೈ ಹಿಡದು ನೋಡ್ಲಿಲ್ಲ ನಾನು. ಪಟ್ಟಿ ನೋಡ್ದೆ."

ಆಮೇಲೆ ಅವನು ಎದ್ದು ಕಪಾಟಿನಿಂದ ಹಳೆಯ ಬಿಪಿ ಯಂತ್ರ ತೆಗೆದ. "ಆ ಅರವತ್ತೇಳು ಹೆಸರು ಕೊಡ್ರಿ."

ಅದು ನಿಯಮಕ್ಕೆ ವಿರುದ್ಧ. ವಿಮಲಾಕ್ಷಿ ಕೊಟ್ಟಳು.

ಬಾಳಪ್ಪ ತನ್ನ ಹಾಗೆಯೇ ನಿವೃತ್ತರಾದ ಇಬ್ಬರು ನರ್ಸಿಂಗ್ ಹವಾಲ್ದಾರರನ್ನು ಕೂಡಿಸಿಕೊಂಡು ಮನೆ ಮನೆ ತಿರುಗಿದ. ಹೆಂಗಸರು ಮೊದಲು, "ಏನಿಲ್ಲರೀ, ಆರಾಮ ಅದೀವಿ," ಎನ್ನುತ್ತಿದ್ದರು. ಅವನು ಹೋಗುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು, "ನನ್ನ ಹೆಂಡ್ತೀನೂ ಹಂಗ ಅಂತಿದ್ಲು," ಎನ್ನುತ್ತಿದ್ದ. ಆಮೇಲೆ ಮಾತು ಹೊರಗೆ ಬರುತ್ತಿತ್ತು. ನೀರಿನ ಕೊಡ ಎತ್ತಿದರೆ ತೋಳು ಜಗ್ಗುವುದು, ಮೆಟ್ಟಿಲಲ್ಲಿ ಉಸಿರು ಕಟ್ಟುವುದು, ಗಂಡನಿಗೂ ಹೇಳದ್ದು.

ಹತ್ತು ದಿನದಲ್ಲಿ ಅವನು ಒಂಬತ್ತು ಜನರನ್ನು ಆರಿಸಿ ಕಳಿಸಿದ. ವಿಮಲಾಕ್ಷಿಯ ಬಳಿ ಆ ತಿಂಗಳಿಗಿದ್ದದ್ದು ಎರಡು ಮೀರುಸಹಿ. ಆದರೆ ತುರ್ತು ರೋಗಿಗೆ ದಾರಿಚೀಟಿ ಬೇಕಿಲ್ಲ. ಒಂಬತ್ತು ಜನರ ಹೆಸರಿನ ಮುಂದೆಯೂ ಅವಳು 'ತುರ್ತು' ಎಂದು ಬರೆದು, ಎರಡು ಆಂಬುಲೆನ್ಸುಗಳಲ್ಲಿ ಸರದಿಯಂತೆ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಒಂಬತ್ತರಲ್ಲಿ ಆರು ಜನರ ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಆರೂ ಜನ ಉಳಿದರು.

ಹೀಗೆ ಕಳಿಸತೊಡಗಿದ ಮೂರನೆಯ ದಿನ ಮಧ್ಯಾಹ್ನ, ಎರಡೂ ಆಂಬುಲೆನ್ಸುಗಳು ನಗರದ ದಾರಿಯಲ್ಲಿದ್ದಾಗ, ತರಬೇತಿ ಮೈದಾನದಲ್ಲಿ ಸೇತುವೆಯ ಉಕ್ಕಿನ ತೊಲೆಯೊಂದು ಜಾರಿ ಸೇನೆಯ ಇಂಜಿನಿಯರಿಂಗ್ ದಳದ ಸ್ಯಾಪರ್ ಲಾಕ್ರಾ ಎಂಬ ಇಪ್ಪತ್ತೆರಡರ ಹುಡುಗನ ಕಾಲಿನ ಮೇಲೆ ಬಿತ್ತು. ಪಾಲಕ ಒಡನೆಯೇ ಕೆಂಪು ತೋರಿಸಿತು, ಒಡನೆಯೇ ಆಂಬುಲೆನ್ಸ್ ಕೇಳಿತು. ಆಂಬುಲೆನ್ಸ್ ಇರಲಿಲ್ಲ. ಅವನನ್ನು ಲಾರಿಯಲ್ಲಿ ಸಾಗಿಸುವಷ್ಟರಲ್ಲಿ ತಡವಾಗಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ವಿಮಲಾಕ್ಷಿ ಅವನನ್ನು ನೋಡಲು ಹೋದಳು. ಅವನಿಗೆ ಏನೂ ಗೊತ್ತಿರಲಿಲ್ಲ. ಅಧಿಕಾರಿಯೊಬ್ಬಳು ತಾನಾಗಿ ಬಂದಳಲ್ಲ ಎಂದು ಎದ್ದು ಕೂರಲು ಒದ್ದಾಡಿದ. ಅವನ ಮಂಚದ ಪಕ್ಕ ನಿಂತು ಅವಳು ಹೇಳಬೇಕೆಂದು ಬಂದದ್ದನ್ನು ಹೇಳಿಯೇಬಿಟ್ಟಳು: ಆ ದಿನ ಆಂಬುಲೆನ್ಸುಗಳನ್ನು ನಗರಕ್ಕೆ ಕಳಿಸಿದವಳು ತಾನೇ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅವಳು ಹೊರಬಂದಳು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಮೂವರು ಅಧಿಕಾರಿಗಳು ಮೇಜಿನ ಆಚೆ ಕೂತಿದ್ದರು.

"ಆ ಒಂಬತ್ತು ಮಹಿಳೆಯರ ಪಟ್ಟಿ ಹಸಿರಿತ್ತು. ಯಾವ ಆಧಾರದ ಮೇಲೆ ತುರ್ತು ಎಂದು ಬರೆದಿರಿ?"

"ಅವರು ಹೇಳಿದ್ದನ್ನು ನಂಬಿದೆ."

"ಆಂಬುಲೆನ್ಸ್ ಇಲ್ಲದೆ ಯಾರಿಗಾದರೂ ಹಾನಿಯಾಗಬಹುದು ಎಂದು ತಿಳಿದಿತ್ತೇ?"

"ತಿಳಿದಿತ್ತು."

"ಮೂವತ್ತೊಂದು ಸಾವಿನ ಕಾಗದವನ್ನು ಈ ವಿಚಾರಣೆಗೆ ಯಾಕೆ ಸೇರಿಸಿದ್ದೀರಿ?"

"ಅವರನ್ನು ಸೇರಿಸಲು ಬೇರೆ ಜಾಗ ಇಲ್ಲ, ಸರ್."

ಆ ಕಾಗದವನ್ನು ಪ್ರಕರಣಕ್ಕೆ ಸಂಬಂಧವಿಲ್ಲವೆಂದು ವಾಪಸ್ ಕೊಟ್ಟರು. ವಿಮಲಾಕ್ಷಿಯನ್ನು ರೋಗಿಗಳನ್ನು ನೋಡುವ ಕೆಲಸದಿಂದ ತೆಗೆದು, ದೂರದ ಒಂದು ಔಷಧಿ ಡಿಪೋಗೆ ವರ್ಗ ಮಾಡಿದರು. ಮರುವಾರ ಪಾಲಕವನ್ನು ಇಡೀ ಸೇನೆಗೆ ವಿಸ್ತರಿಸುವ ಆದೇಶ ಬಂತು. ಹೊಸ ನಿಯಮದಲ್ಲಿ ಮೀರುಸಹಿ ತಿಂಗಳಿಗೆ ಒಂದು. 'ತುರ್ತು' ಎಂದು ಬರೆಯುವ ಹಕ್ಕನ್ನೂ ಪಾಲಕಕ್ಕೇ ಕೊಟ್ಟಿದ್ದರು.

ಅವಳು ಸಾಮಾನು ಕಟ್ಟುತ್ತಿದ್ದ ದಿನ ತನ್ವೀರ್ ಮನೆಗೆ ಬಂದ. ಬಾಗಿಲಲ್ಲೇ ನಿಂತು, ಯಾರಾದರೂ ಇದ್ದಾರೆಯೇ ಎಂದು ಒಳಗೆ ಇಣುಕಿದ.

"ಒಂದು ಮಾತು ಹೇಳಿ ಹೋಗ್ತೀನಿ ಮೇಡಂ. ನಾ ಹೇಳ್ದೆ ಅಂತ ಎಲ್ಲೂ ಇರಬಾರದು. ಆ ಒಂಬತ್ತು ಹೆಂಗಸರು ಆಸ್ಪತ್ರೆಗೆ ಹೋದ್ರಲ್ಲ, ಅದು ದಾಖಲೆ ಆತು. ಈಗ ಅವರು ಏನರ ತ್ರಾಸ ಅಂದ್ರ ಪಾಲಕ ನಾಲ್ಕು ದಿನದಾಗ ಚೀಟಿ ಕೊಡ್ತದ. ಅವರ ವಯಸ್ಸಿನ ಬ್ಯಾರೆ ಹೆಂಗಸರಿಗೂ ಹತ್ತೊಂಬತ್ತು ಇದ್ದದ್ದು ಹದಿನೇಳಕ್ಕ ಇಳಿದದ. ಬರೀ ಒಂಬತ್ತು ಮಂದಿಯಿಂದ."

ವಿಮಲಾಕ್ಷಿ ಹಗ್ಗ ಕೆಳಗಿಟ್ಟಳು. "ಅಂದ್ರ, ಬಂದವರನ್ನ ಮಾತ್ರ ಅದು ನೋಡ್ತೈತಿ."

"ಹೌದು. ಅಷ್ಟ ಅದಕ್ಕ ಗೊತ್ತು," ಎಂದ ತನ್ವೀರ್. "ಕ್ಲಿನಿಕ್ಕಿಗೆ ಒಮ್ಮೆಲೇ ಹೆಚ್ಚಿಗಿ ಮಂದಿ ಬಂದ್ರ ಅದನ್ನ ಗದ್ದಲ ಅಂತ ದಾಖಲೆಯಿಂದ ಒರೆಸಿ ಹಾಕೋದು ನನ್ನ ಕೆಲಸ. ನನ್ನ ಕೈ ಈಗ ಸ್ವಲ್ಪ ನಿಧಾನ ಆಗ್ಯದ."

ಅವಳು ಅದನ್ನು ಬಾಳಪ್ಪನಿಗೆ ಫೋನಿನಲ್ಲಿ ಹೇಳಿದಳು. ಅವನು ಹೂಂ ಎಂದಷ್ಟೇ ಹೇಳಿ ಫೋನ್ ಇಟ್ಟ.

ಮುಂದಿನ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ರೈಲಿಗೆ ಬಿಡಲು ಹೊರಟ ಜೀಪು ನಿವೃತ್ತರ ಬಡಾವಣೆಯ ಹತ್ತಿರ ನಿಂತಿತು. ಮುಂದೆ ದಾರಿ ಇರಲಿಲ್ಲ. ಕ್ಲಿನಿಕ್ಕಿನ ಬಾಗಿಲಿಂದ ಶುರುವಾದ ಹೆಂಗಸರ ಸಾಲು ನೀರಿನ ಟ್ಯಾಂಕು ದಾಟಿ, ತಿರುವು ಹೊರಳಿ, ರಸ್ತೆಗೆ ಬಂದಿತ್ತು. ಇನ್ನೂರಿಗೆ ಕಡಿಮೆಯಿಲ್ಲ. ಸೆರಗು ತಲೆಗೆ ಹೊದ್ದವರು, ಕೋಲು ಹಿಡಿದವರು, ಮೊಮ್ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡವರು. ಪಕ್ಕದಲ್ಲಿ ನಾಲ್ಕೈದು ಜವಾನರು ತಮ್ಮ ಸರದಿ ಬರುವುದಿಲ್ಲವೆಂದು ಗೊಣಗುತ್ತ ನಿಂತಿದ್ದರು. ಬಾಳಪ್ಪ ಸಾಲಿನ ಉದ್ದಕ್ಕೂ ಓಡಾಡುತ್ತ ಎಲ್ಲರನ್ನೂ ನೆರಳಿಗೆ ಸರಿಸುತ್ತಿದ್ದ. ಅವನಿಗೆ ಜೀಪು ಕಾಣಿಸಲಿಲ್ಲ.

ಕಿಟಕಿಯ ಸಿಪಾಯಿ ಹೊಸಬ. ಆಗಲೇ ಬೆವೆತಿದ್ದ. ಎದುರು ನಿಂತ ಎಪ್ಪತ್ತರ ಮುದುಕಿಯನ್ನು ಕೇಳಿದ.

"ಏನ್ ತ್ರಾಸ ಐತಿ ಅಜ್ಜಿ?"

"ಏನಿಲ್ಲಪಾ."

"ಏನಿಲ್ಲಂದ್ರ ಯಾಕ ಬಂದೀಯಬೇ?"

ಮುದುಕಿ ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದುಕೊಂಡಳು.

"ನಾ ಬಂದಿದ್ನಿ ಅಂತ ಬರಕೋ," ಎಂದಳು. "ಹೆಸರು ಗಂಗವ್ವ. ಬರಿ, ಬಂದಿದ್ಲು ಅಂತ. ಮುಂದಿನ ವಾರಾನೂ ಬರ್ತೀನಿ."